ಭಾನುವಾರದ ಪಾಳಿ

ಭಾನುವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರದ ಉರುಳೆಗಳ ನಡುವೆ ಒಬ್ಬನ ಬಲಗೈ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ, ಅಲ್ಲಿಂದ ನಾಲ್ಕು ಬೀದಿ ಆಚೆ, ಅವನ ಅಕ್ಕನ ಗಂಡ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ತನ್ನ ನಂಬಿಕೆಯ ಸಾಕ್ಷಿ ಹೇಳುತ್ತಿದ್ದ.

ಸಾಕ್ಷಿ ಹೇಳುತ್ತಿದ್ದವನು ಅದೇ ಲಾಂಡ್ರಿಯ ಮೇಸ್ತ್ರಿ. ದೀಕ್ಷಾಸ್ನಾನ ತೆಗೆದುಕೊಂಡ ವರ್ಷವೇ ಭಾನುವಾರ ಕೆಲಸಕ್ಕೆ ಹೋಗುವುದಿಲ್ಲ ಎಂದು ಕರ್ತನಿಗೆ ಮಾತು ಕೊಟ್ಟವನು. "ಮ್ಯಾನೇಜರ್ ಹತ್ತಿರ ಹೋಗಿ, ಬೇಕಾದರೆ ಕೆಲಸದಿಂದ ತೆಗೆಯಿರಿ, ಭಾನುವಾರ ಮಾತ್ರ ಬರುವುದಿಲ್ಲ ಅಂದೆ" ಎಂದು ಅವನು ಹೇಳಿದಾಗ ಹಿಂದಿನ ಬೆಂಚುಗಳಿಂದ ಸ್ತೋತ್ರ, ಸ್ತೋತ್ರ ಎಂದು ದನಿಗಳು ಬಂದವು. "ನಂಬಿಕೆಗೆ ಬೆಲೆ ಇದೆ. ನಾನು ಆ ಬೆಲೆ ಕೊಟ್ಟಿದ್ದೇನೆ" ಎಂದ. ಆಗಲೇ ಪ್ಯಾಂಟಿನ ಜೇಬಿನಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಮಾತು ನಿಲ್ಲಿಸದೆ ಜೇಬಿನ ಮೇಲಿನಿಂದಲೇ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ.

ಅವನು ಬಿಟ್ಟ ಭಾನುವಾರದ ಪಾಳಿಗಳನ್ನೆಲ್ಲ ಇಷ್ಟು ದಿನ ಮಾಡಿದವನು ಅದೇ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಬಾಮೈದ. ಆಸ್ಪತ್ರೆಗೆ ಭಾನುವಾರ ಎಂಬುದಿಲ್ಲ. ಯಾರಾದರೂ ಒಬ್ಬರು ಯಂತ್ರದ ಮುಂದೆ ನಿಲ್ಲಲೇಬೇಕು. ಮದುವೆ, ಮಣ್ಣು ಬಿಟ್ಟರೆ ಸಭೆಯ ಬಾಗಿಲು ತುಳಿಯದ ಬಾಮೈದ ಆಗ ತಾನಾಗಿಯೇ ಮುಂದೆ ಬಂದಿದ್ದ. "ನೀವು ಸ್ವರ್ಗಕ್ಕೆ ಹೋಗಿ ಭಾವ, ನಿಮ್ಮ ಪಾಳಿಗೆ ನಾನು ಹೋಗ್ತೀನಿ. ಅಲ್ಲೂ ಹಾಸಿಗೆ ಬಟ್ಟೆ ಒಗೆಯೋ ಕೆಲಸ ಇದ್ರೆ ನನ್ನ ಹೆಸರು ಹೇಳಿ" ಎಂದು ನಕ್ಕಿದ್ದ. ಮನೆಮಂದಿಯೆಲ್ಲ ನಕ್ಕಿದ್ದರು.

ಮೇಸ್ತ್ರಿ ಫೋನು ತೆಗೆದು ನೋಡಿದ್ದು ಆರಾಧನೆ ಮುಗಿದು, ನಾಲ್ಕು ಜನ ಕೈಕುಲುಕಿ, ಸಾಕ್ಷಿ ಮನಸ್ಸಿಗೆ ನಾಟಿತು ಎಂದು ಹೇಳಿದ ಮೇಲೆ. ಲಾಂಡ್ರಿಯಿಂದ ಆರು ಕರೆ ಬಂದಿದ್ದವು.

ಹೆಂಡತಿಯನ್ನು ಕರೆದುಕೊಂಡು ಅವನು ಆಸ್ಪತ್ರೆ ಸೇರುವಷ್ಟರಲ್ಲಿ ವೈದ್ಯರು ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದಾಗಿತ್ತು. ಬಾಮೈದನ ಕೈ ಬಿಳಿ ಪಟ್ಟಿಯ ದೊಡ್ಡ ಉಂಡೆಯಾಗಿ ದಿಂಬಿನ ಮೇಲೆ ಕುಳಿತಿತ್ತು. ಅವನ ಕೆಳಗಿದ್ದ ಹಾಸು ಅವರ ಲಾಂಡ್ರಿಯಲ್ಲೇ ಇಸ್ತ್ರಿ ಮಾಡಿದ್ದು. ಅಂಚಿನಲ್ಲಿ ಲಾಂಡ್ರಿಯ ನೀಲಿ ಗುರುತಿತ್ತು.

"ಬಂದ್ರಾ ಭಾವ? ಪ್ರಾರ್ಥನೆ ಮುಗೀತಾ?" ಎಂದ, ಮದ್ದಿನ ಮಂಪರಿನಲ್ಲಿ.

"ಮುಗೀತು."

"ನನ್ನ ಹೆಸರೂ ಒಂದು ಸೇರಿಸಿದ್ರಾ ಇಲ್ವಾ?"

ಮೇಸ್ತ್ರಿ ಹಾಸಿನ ಅಂಚನ್ನು ನೇರ ಮಾಡಿದ. ಅರ್ಧ ಗಂಟೆಯ ಸಾಕ್ಷಿಯಲ್ಲಿ ಅವನು ಬಾಮೈದನ ಸುದ್ದಿಯನ್ನೇ ಎತ್ತಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಅದನ್ನು ಹೆಂಡತಿ ಒಂದೇ ಮಾತಿನಲ್ಲಿ ಕೇಳಿದಳು. "ರೀ, ನಿಮ್ಮ ಸಾಕ್ಷಿಯಲ್ಲಿ ನನ್ನ ತಮ್ಮ ಎಲ್ಲಿದ್ದ?" ಕೇಳಿ, ಉತ್ತರಕ್ಕೆ ಕಾಯದೆ ಮಗ್ಗುಲಾದಳು.

ಸೋಮವಾರ ಮ್ಯಾನೇಜರ್ ಯಂತ್ರದ ಹತ್ತಿರ ಎಲ್ಲರನ್ನೂ ಸೇರಿಸಿದಳು. ಅದು ಹಳೆಯ ಯಂತ್ರ, ಎರಡಾಳಿನ ಕೆಲಸ. ಮುಂದಿನವನು ಒದ್ದೆ ಹಾಸನ್ನು ಬಿಸಿ ಉರುಳೆಗಳಿಗೆ ಕೊಡಬೇಕು, ಹಿಂದಿನವನು ಒಣಗಿ ಬಂದದ್ದನ್ನು ಎಳೆದುಕೊಳ್ಳಬೇಕು. ನಿಲ್ಲಿಸುವ ಪೆಡಲು ಇರುವುದು ಹಿಂದಿನವನ ಕಾಲ ಬಳಿ ಮಾತ್ರ. ನಡುವೆ ಆಳೆತ್ತರದ ಉಕ್ಕು, ಅದರ ಮೇಲೆ ಹಬೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಅದಕ್ಕೇ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ನಿಯಮ ಬರೆದಿತ್ತು. ಬಟ್ಟೆ ಮುದುರಿದರೆ ಮುಂದಿನವನು "ನಿಲ್ಲಿಸು" ಎಂದು ಕೂಗಬೇಕು. ಹಿಂದಿನವನು ಪೆಡಲು ಒತ್ತಿ "ನಿಂತಿದೆ" ಎಂದು ಕೂಗಬೇಕು. ಆಮೇಲೆಯೇ ಕೈ ಹಾಕಬೇಕು.

ಉಳಿದ ದಿನ ಮುಂದೆ ಬಾಮೈದ, ಹಿಂದೆ ಮೇಸ್ತ್ರಿ ನಿಲ್ಲುತ್ತಿದ್ದರು. ಭಾನುವಾರ ಹಿಂದೆ ನಿಂತಿದ್ದವಳು ಬಟ್ಟೆ ಮಡಿಸುವ ಮೇಜಿನ ಹೆಂಗಸು. ಅತ್ತು ಅವಳ ಮುಖ ಊದಿತ್ತು.

"ಅವರು ಕೂಗಲೇ ಇಲ್ಲ ಮೇಡಂ. ನಾನು ಪೆಡಲು ಒತ್ತೂ ಇರಲಿಲ್ಲ. ಸುಮ್ಮನೆ ಕೈ ಹಾಕಿಬಿಟ್ರು" ಎಂದಳು. ಬೆವರು ಒರೆಸಿಕೊಳ್ಳಲು ಕೈ ಎತ್ತಿ ಇಳಿಸಿದಾಗ ಅವಳ ಕೈಗಡಿಯಾರದ ಉಕ್ಕಿನ ಪಟ್ಟಿ ಯಂತ್ರದ ಹಿಂಬದಿಯ ಮೇಜಿನ ತಗಡಿನ ಅಂಚಿಗೆ ತಾಗಿತು.

ಟಕ್.

ಮೇಸ್ತ್ರಿ ತಟ್ಟನೆ ತನ್ನ ಉಂಗುರ ನೋಡಿಕೊಂಡ.

ಆ ಟಕ್ ಅವನದು. ಒಣಗಿಸುವ ಯಂತ್ರಗಳ ಸದ್ದಿನಲ್ಲಿ ದಿನವಿಡೀ ಕೂಗಿ ಗಂಟಲು ಕೆಟ್ಟಾಗ ಅವನೇ ಹುಡುಕಿದ ಉಪಾಯ. ಬಟ್ಟೆ ಮುದುರಿದರೆ ಉರುಳೆಯ ಸದ್ದು ಬದಲಾಗುತ್ತದೆ. ಮುಂದಿನವನು ಕೂಗುವ ಮೊದಲೇ ಅದು ಮೇಸ್ತ್ರಿಯ ಕಿವಿಗೆ ಗೊತ್ತಾಗುತ್ತಿತ್ತು. ಪೆಡಲು ಒತ್ತುತ್ತಿದ್ದ, ಮದುವೆಯ ಉಂಗುರದಿಂದ ತಗಡಿನ ಅಂಚಿಗೆ ಒಂದು ಸಲ ಬಡಿಯುತ್ತಿದ್ದ. ಟಕ್ ಎಂದರೆ ನಿಂತಿದೆ ಎಂದರ್ಥ. ಬಾಮೈದ ಕಣ್ಣು ಮುಚ್ಚಿ ಕೈ ಹಾಕುತ್ತಿದ್ದ. ಬೇರೆ ಯಾರಿಗೂ ಈ ಭಾಷೆ ಗೊತ್ತಿರಲಿಲ್ಲ. ತಗಡಿನ ಅಂಚಿನಲ್ಲಿ ಒಂದೇ ಕಡೆ ಬಡಿದು ಬಡಿದು ಸಣ್ಣ ಹೊಳೆಯುವ ಕುಳಿಗಳು ಬಿದ್ದಿದ್ದವು. ಈಗ ಅವು ಲಾಂಡ್ರಿಗೆಲ್ಲ ಕಾಣುತ್ತಿವೆ ಎನಿಸಿ ಮೇಸ್ತ್ರಿ ಅವುಗಳ ಮೇಲೆ ಅಂಗೈ ಊರಿ ನಿಂತ.

"ಕೂಗದೆ ಕೈ ಹಾಕಿದ್ದಾನೆ ಅಂದ್ರೆ ಅವನದೇ ತಪ್ಪು" ಎಂದಳು ಮ್ಯಾನೇಜರ್. "ಶುಕ್ರವಾರ ನಾನು ಮೇಲಿನವರಿಗೆ ವರದಿ ಕೊಡಬೇಕು. ನಿಯಮ ಮೀರಿದವನನ್ನ ಇಟ್ಟುಕೊಳ್ಳಲ್ಲ ಅವರು. ನೀನು ಹೇಳು ಮೇಸ್ತ್ರಿ, ನಿನ್ನ ಪಾಳಿಯಲ್ಲೂ ಹೀಗೇ ಮಾಡ್ತಿದ್ನಾ?"

"ನನ್ನ ಪಾಳಿಯಲ್ಲಿ ಅವನು ಜಾಗ್ರತೆಯಿಂದಲೇ ಇದ್ದ" ಎಂದ ಮೇಸ್ತ್ರಿ.

ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವಾಗಲೂ ಅವನ ಅಂಗೈ ಆ ಕುಳಿಗಳ ಮೇಲೆಯೇ ಇತ್ತು.

ಮಂಗಳವಾರ ಸಂಜೆ ಅವನು ವಾರ್ಡಿಗೆ ಹೋದಾಗ ಬಾಮೈದ ಎದ್ದು ಕುಳಿತು ಎಡಗೈಯಲ್ಲಿ ಚಹಾ ಕುಡಿಯುವುದನ್ನು ಕಲಿಯುತ್ತಿದ್ದ. ಅರ್ಧ ಚಹಾ ಅಂಗಿಯ ಮೇಲಿತ್ತು.

"ಟಕ್ ಅಂತು ಭಾವ" ಎಂದ, ಮುಖ ನೋಡದೆ. "ಭಾನುವಾರ ನಾನು ಕೂಗಿಯೇ ಕೈ ಹಾಕೋದು. ಅವತ್ತೂ ಕೂಗೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಟಕ್ ಅಂತು, ಕೈ ತಾನೇ ಹೋಯ್ತು. ಕೈಗೆ ವಾರ ಗೊತ್ತಾಗಲ್ಲ."

"ಅವಳ ವಾಚು" ಎಂದ ಮೇಸ್ತ್ರಿ.

"ಗೊತ್ತು. ಮಲ್ಕೊಂಡು ಇನ್ನೇನು ಮಾಡಲಿ, ಅದನ್ನೇ ಯೋಚಿಸಿದೆ. ಮ್ಯಾನೇಜರ್ ಬಂದಿದ್ರು. ನಂದೇ ಅಜಾಗ್ರತೆ ಅಂದೆ."

"ಯಾಕೋ ಹಾಗಂದೆ? ಕೆಲಸ ಹೋಗುತ್ತೆ ನಿಂದು. ನಾಳೆನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಬಾಮೈದ ಲೋಟ ಕೆಳಗಿಟ್ಟ. ಅಲ್ಲಿಯವರೆಗೆ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಈಗ ಬಂತು.

"ಹೇಳಿದ್ರೆ ನಿಮ್ಮ ಮೇಸ್ತ್ರಿಗಿರಿ ಹೋಗುತ್ತೆ. ಅದು ಹೋದ್ರೆ ಎಲ್ಲರ ಹಾಗೆ ನಿಮಗೂ ಭಾನುವಾರದ ಪಾಳಿ ಬರುತ್ತೆ. ಭಾನುವಾರ ಕೆಲಸಕ್ಕೆ ಬಂದ್ರೆ ಸಭೆಯಲ್ಲಿ ಹಿರಿಯ ಅಂತ ನಿಮಗಿರೋ ಕುರ್ಚಿ ಹೋಗುತ್ತೆ. ಎಲ್ಲಾ ಹೋದ ಮೇಲೆ ನನ್ನ ಬೆರಳು ಯಾವ ಲೆಕ್ಕಕ್ಕೆ? ನೀವು ಭಾನುವಾರ ಅಲ್ಲಿ ನಿಲ್ಲಲಿ ಅಂತ ನಾನು ಇಲ್ಲಿ ನಿಂತೆ. ಅದನ್ನಾದ್ರೂ ಉಳಿಸ್ಕೊಳ್ಳಿ. ಬೆರಳು ಹೋದದ್ದು ದಂಡ ಆಗೋದು ಬೇಡ."

ಮೇಸ್ತ್ರಿ ಲೋಟ ಎತ್ತಿ ಬದಿಗಿಟ್ಟ. ಬೈದಿದ್ದರೆ ತಲೆ ತಗ್ಗಿಸಿ ಕೇಳಬಹುದಿತ್ತು. ಇವನು ಕೈಯನ್ನು ಕಾಣಿಕೆಯ ಹಾಗೆ ಎತ್ತಿ ಅವನ ಮಡಿಲಿಗೆ ಹಾಕಿದ್ದ. ಅದನ್ನು ಇಟ್ಟುಕೊಳ್ಳಲೂ ಆಗದು, ಹಿಂದಿರುಗಿಸಲೂ ಆಗದು.

ಬುಧವಾರ ಸಭಾಪಾಲಕರ ಮನೆಗೆ ಹೋದ. ಅವರು ಅಡುಗೆಮನೆಯ ನಲ್ಲಿಯ ವಾಷರ್ ಬದಲಿಸುತ್ತಿದ್ದರು. ತೋಳು ಮೊಣಕೈಯವರೆಗೂ ಒದ್ದೆ. ಮೇಸ್ತ್ರಿ ನಿಂತುಕೊಂಡೇ ಎಲ್ಲ ಹೇಳಿದ. ಅವರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಕೇಳಿದರು.

"ಹೇಳಬೇಡ ಅಂತ ನನ್ನ ಬಾಯಲ್ಲಿ ಬರೋದಿಲ್ಲ" ಎಂದರು.

"ಅಯ್ಯನವರೇ, ಹೇಳಿದ್ರೆ ಭಾನುವಾರ ಕೆಲಸಕ್ಕೆ ಹೋಗಬೇಕಾಗುತ್ತೆ. ಮಾತು ಕೊಟ್ಟಿದ್ದೀನಿ."

"ಹೋದ್ರೆ ಕರ್ತನ ಭೋಜನದ ದಿನ ಹಿರಿಯನಾಗಿ ಮೇಜಿನ ಹತ್ತಿರ ನಿಂತು ರೊಟ್ಟಿ ಹಂಚೋ ಹಾಗಿಲ್ಲ. ಅದು ಸಭೆಯ ನಿಯಮ." ಅವರು ಪಾನಾ ಕೆಳಗಿಟ್ಟರು. "ಆ ನಿಯಮ ಬೇಕು ಅಂತ ಎದ್ದು ನಿಂತು ಕೇಳಿದ್ದು ನೀನೇ."

ಅದೂ ನಿಜ. ಆ ನಿಯಮ ಬಂದ ತಿಂಗಳು ಹಿರಿಯರಲ್ಲಿ ಒಬ್ಬನಾಗಿದ್ದ ಬಸ್ ಚಾಲಕ ಮುಂದಿನ ಸಾಲಿನಿಂದೆದ್ದು ಹಿಂದಿನ ಬೆಂಚಿಗೆ ಹೋಗಿದ್ದ. ಭಾನುವಾರವೂ ಬಸ್ಸು ಓಡಬೇಕಲ್ಲ. ಸಭೆಗೆ ಬರುತ್ತಿದ್ದವರಲ್ಲಿ ಅರ್ಧ ಜನ ಅವನ ಬಸ್ಸಿನಲ್ಲೇ ಬರುತ್ತಿದ್ದರು, ಮೇಸ್ತ್ರಿಯೂ. ಆಗ ಮೇಸ್ತ್ರಿಗೆ ಅನಿಸಿದ್ದು, ಬೆಲೆ ಕೊಡಲು ಎಲ್ಲರಿಗೂ ಧೈರ್ಯ ಇರುವುದಿಲ್ಲ ಎಂದು. ಇವತ್ತು ಅದು ನೆನಪಾಗಿ ಕಿವಿ ಬಿಸಿಯಾಯಿತು. ಬಸ್ ಚಾಲಕನಿಗೆ ಪಾಳಿ ಮಾಡಿಕೊಡುವ ಬಾಮೈದ ಇರಲಿಲ್ಲ, ಅಷ್ಟೇ.

"ಪ್ರಾರ್ಥನೆ ಮಾಡೋಣವಾ?" ಎಂದರು ಸಭಾಪಾಲಕರು.

"ಬೇಡ ಅಯ್ಯನವರೇ. ಪ್ರಾರ್ಥನೆ ಮಾಡಿದ್ರೆ ನಾಳೆ ಅಂತ ಮುಂದಕ್ಕೆ ಹಾಕಿಬಿಡ್ತೀನಿ" ಎಂದು ಮೇಸ್ತ್ರಿ ಹೊರಟ.

ಆದರೂ ಹೇಳಿದ್ದು ಗುರುವಾರವೇ. ಮಧ್ಯಾಹ್ನ ಮ್ಯಾನೇಜರ್ ಸೋಪಿನ ಡಬ್ಬ ಎಣಿಸಲು ಬಂದಾಗ ಅವಳನ್ನು ಯಂತ್ರದ ಹಿಂದಕ್ಕೆ ಕರೆದ. ಮಾತಿನಲ್ಲಿ ಹೇಳಿದರೆ ಎಲ್ಲಿ ಮೆತ್ತಗೆ ಮಾಡಿ ಹೇಳಿಬಿಡುತ್ತೇನೋ ಎಂದು ಮೊದಲು ತಗಡಿಗೆ ಉಂಗುರದಿಂದ ಬಡಿದ.

"ಇದೇನು?"

"ನಿಂತಿದೆ ಅನ್ನೋದಕ್ಕೆ ಬದಲು ಇದು. ನಾನೇ ಶುರು ಮಾಡಿದ್ದು, ನಾನೇ ಅವನಿಗೆ ಕಲಿಸಿದ್ದು. ಕೂಗೋ ನಿಯಮ ಮೊದಲು ಬಿಟ್ಟಿದ್ದು ನಾನು. ಭಾನುವಾರ ಅವನಿಗೆ ಕೇಳಿಸಿದ್ದು ಇಂಥದ್ದೇ ಸದ್ದು."

ಮ್ಯಾನೇಜರ್ ಬಗ್ಗಿ ತಗಡಿನ ಕುಳಿಗಳ ಮೇಲೆ ಬೆರಳಾಡಿಸಿದಳು. "ಇನ್ನೊಂದು ಸಲ ಬಡಿ."

ಅವನು ಬಡಿದ. ಆಚೆ ಮಡಿಸುವ ಮೇಜಿನ ಹತ್ತಿರ ಆ ಹೆಂಗಸು ತಲೆಯೆತ್ತಿದಳು. ಅವನ ಕೈ ನೋಡಿದಳು, ತನ್ನ ಮಣಿಕಟ್ಟು ನೋಡಿಕೊಂಡಳು, ನಿಧಾನವಾಗಿ ಮಡಿಸಿದ ಬಟ್ಟೆಯ ರಾಶಿಯ ಮೇಲೆ ಕುಳಿತುಬಿಟ್ಟಳು. ಅಲ್ಲಿಯವರೆಗೆ ಅವಳ ಪಾಲಿಗೆ ಅದು ತನ್ನ ಕಣ್ಣೆದುರು ನಡೆದ ಅವಘಡ ಮಾತ್ರವಾಗಿತ್ತು. ಸತ್ಯ ಹೇಳಿದರೆ ಬಾಮೈದನ ಕೆಲಸ ಉಳಿಯುತ್ತದೆ, ತನ್ನ ಮೇಸ್ತ್ರಿಗಿರಿ ಹೋಗುತ್ತದೆ ಎಂದಷ್ಟೇ ಮೇಸ್ತ್ರಿ ತೂಗಿ ನೋಡಿದ್ದ. ಇವಳ ತಲೆಯ ಮೇಲೂ ಒಂದು ಹೊರೆ ಬೀಳುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಅವಳ ಹತ್ತಿರ ಹೋದ. "ನಿಮ್ಮದೇನೂ ತಪ್ಪಿಲ್ಲಮ್ಮ. ವಾಚು ಕಟ್ಕೊಂಡು ಬರೋದು ತಪ್ಪಲ್ಲ. ಆ ಸದ್ದಿಗೆ ಅರ್ಥ ಕೊಟ್ಟಿದ್ದು ನಾನು."

"ಸೋಮವಾರವೇ ಹೇಳಬಹುದಿತ್ತಲ್ಲಣ್ಣ" ಎಂದಳು ಅವಳು.

ಶುಕ್ರವಾರದ ವರದಿ ಹೋಯಿತು. ಬಾಮೈದನ ಕೆಲಸ ಉಳಿಯಿತು. ಕೈ ವಾಸಿಯಾದ ಮೇಲೆ ಒಗೆದ ಬಟ್ಟೆಯ ಗಂಟು ಕಟ್ಟುವ ವಿಭಾಗಕ್ಕೆ ಬರಲಿ ಎಂದಾಯಿತು. ಮೇಸ್ತ್ರಿಯನ್ನು ಮೇಸ್ತ್ರಿಗಿರಿಯಿಂದ ಇಳಿಸಿದರು. ಎಲ್ಲರ ಜೊತೆ ಪಾಳಿ ಹಾಕಿದರು, ಮೊದಲ ಪಾಳಿಯೇ ಭಾನುವಾರ ಬಿತ್ತು. ಜಾಗವೂ ಬದಲಾಯಿತು: ಹಿಂದೆ ಪೆಡಲಿನ ಬಳಿ ಅಲ್ಲ, ಮುಂದೆ, ಬಾಮೈದ ನಿಲ್ಲುತ್ತಿದ್ದಲ್ಲಿ.

ಸುದ್ದಿ ಕೇಳಿ ಬಾಮೈದ ಭಾವನ ಜೊತೆ ಮಾತು ಬಿಟ್ಟ. ಶನಿವಾರ ಆಸ್ಪತ್ರೆಯಿಂದ ಅಕ್ಕನ ಮನೆಗೆ ಬಂದವನು ಬೆಳಗ್ಗೆಯಿಂದ ಸಂಜೆವರೆಗೂ ಗೋಡೆ ನೋಡಿಕೊಂಡು ಕುಳಿತಿದ್ದ. ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ಹೇಳುವಂತೆ, ಭಾವನಿಗೆ ಕೇಳಿಸುವಂತೆ ಹೇಳಿದ. "ನಾಳೆ ನಿನ್ನ ಗಂಡನ ಪಾಳಿ ಸಭೆಯಲ್ಲಿ ನಾನು ಮಾಡ್ತೀನಿ. ಅಲ್ಲಿ ಕೂಗೋದು ಏನಾದ್ರೂ ಇದ್ರೆ ಮೊದಲೇ ಹೇಳಿಬಿಡಲಿ."

"ಕೂಗೋದೇನಿಲ್ಲ" ಎಂದ ಮೇಸ್ತ್ರಿ. "ನಿದ್ದೆ ಮಾಡದೇ ಇದ್ರೆ ಸಾಕು."

"ಅದೇ ಕಷ್ಟದ ಕೆಲಸ ಅನ್ನಿ."

ಭಾನುವಾರ ಮೇಸ್ತ್ರಿ ಉಂಗುರ ಬಿಚ್ಚಿ ಕನ್ನಡಿಯ ಮುಂದಿಟ್ಟು ಕೆಲಸಕ್ಕೆ ಹೋದ. ಹತ್ತು ಗಂಟೆಯ ಮೇಲೆ ಒಂದು ಹಾಸು ಉರುಳೆಯ ಬಾಯಲ್ಲಿ ಮುದುರಿತು. ಅವನು "ನಿಲ್ಲಿಸು" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಉರುಳೆಗಳು ನಿಂತದ್ದು ಕಣ್ಣಿಗೆ ಕಾಣುತ್ತಿತ್ತು. ಆದರೂ ಕೈ ಹಾಕಲಿಲ್ಲ. ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಕಾಯುತ್ತಾ ನಿಂತ. ಹಬೆಯ ಆಚೆಯಿಂದ ಆ ಹೆಂಗಸಿನ ದನಿ "ನಿಂತಿದೆ" ಎಂದಿತು. ಅವನು ಬಟ್ಟೆ ಬಿಡಿಸಿದ.

ಸಂಜೆ ಮನೆಗೆ ಬಂದಾಗ ಸಭೆಯ ಸುದ್ದಿ ಹೇಳಿದವಳು ಹೆಂಡತಿ. ಅವತ್ತು ಸಭೆಯವರು ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನವಿತ್ತು. ಬಾಮೈದ ಸಭಾಪಾಲಕರ ಪ್ರಸಂಗದ ಅರ್ಧಕ್ಕೇ ನಿದ್ದೆ ಹೋದನಂತೆ, ಎರಡು ಟ್ರಿಪ್ಪಿನ ನಡುವೆ ಬಂದಿದ್ದ ಬಸ್ ಚಾಲಕ ಹಿಂದಿನ ಬೆಂಚಿನಿಂದ ಬಗ್ಗಿ ಎಬ್ಬಿಸಿದನಂತೆ. ರೊಟ್ಟಿಯ ತಟ್ಟೆ ಬಂದಾಗ ದೀಕ್ಷಾಸ್ನಾನ ಆಗದ ಬಾಮೈದ ತೆಗೆದುಕೊಳ್ಳಲಿಲ್ಲ. ಎಡಗೈಯಲ್ಲಿ ಹಿಡಿದು ಅಕ್ಕನಿಗೆ ದಾಟಿಸಿದ.