ಸ್ಟೀಮ್ ರೂಮಿನ ಬಾಗಿಲು

ಟ್ರೆಡ್‌ಮಿಲ್ ಮುಂದೆ ಇಷ್ಟು ದೊಡ್ಡ ಕಿಟಕಿ, ಕಿಟಕಿ ತುಂಬ ಬೆಟ್ಟ, ಇಲ್ಲಿಗೆ ಬಂದವರು ಬೆಟ್ಟ ಹತ್ತೋದಿಲ್ಲ, ಬೆಟ್ಟ ನೋಡ್ತಾ ನಿಂತಲ್ಲೇ ಓಡ್ತಾರೆ, ಓಡಲಿ, ನಂಗೇನು, ಬೆಲ್ಟ್ ಸರಿ, ತುರ್ತು ಗುಂಡಿ ಸರಿ, ಡಂಬೆಲ್ಲುಗಳನ್ನ ಯಾರೂ ಮುಟ್ಟಿದ ಹಾಗೇ ಇಲ್ಲ, ಟವೆಲ್ ಮಾತ್ರ ಮೂಲೆಗೆ ಮೂಲೆ ಹೊಂದಿಸಿ ಮಡಚಿಟ್ಟಿದೆ — ಮಡಚಿದ್ದು ನನ್ನ ತಂಗಿ, ಇನ್ಯಾರು, ನನ್ನ ಓಟದ ಬಟ್ಟೇನೂ ಹೀಗೇ ಮಡಚಿಡ್ತಿದ್ದಳು, ನೀನು ಓಡಕ್ಕಾ, ಮನೆ ನಾನು ನೋಡ್ಕೋತೀನಿ ಅಂದಳು, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ನೋಡಿಕೊಂಡಳು, ನಾನು ಓಡಿದೆ, ಓಡಿ ಓಡಿ ಮೊಣಕಾಲು ಕಳಕೊಂಡು ಈಗ ಹೋಟೆಲುಗಳ ಜಿಮ್ಮಿಗೆ ಅಂಕ ಹಾಕ್ತೀನಿ, ಘನಂದಾರಿ ಕೆಲಸ. ಸಂಬಂಧಿಕರಿರೋ ಹೋಟೆಲಿಗೆ ತಪಾಸಣೆಗೆ ಹೋಗಬಾರದು ಅಂತ ನಿಯಮ, ನಾನು ಬಾಯಿ ಬಿಡಲಿಲ್ಲ, ಮೂರು ವರ್ಷದ ಕೆಳಗೆ ಮ್ಯಾನೇಜರಿಗೆ ಒಂದು ಮಾತು ಹೇಳಿ ಅವಳನ್ನ ಇಲ್ಲಿಗೆ ಸೇರಿಸಿದ್ದೇ ನಾನು, ಅಲ್ಲಿಗೆ ನನ್ನ ಜವಾಬ್ದಾರಿ ಮುಗೀತು ಅಂತ ಕೈತೊಳಕೊಂಡೆ. ಸ್ಟೀಮ್ ರೂಮಿಗೆ ಹೊರಗೆ ನಿಂತು ಅಂಕ ಹಾಕೋ ಹಾಗಿಲ್ಲ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಳಗಿನಿಂದಲೇ ತೆಗೀಬೇಕು, ನಾನು ಒಂದು ಸಲವೂ ತಪ್ಪಿಸಿದವಳಲ್ಲ, ಇವತ್ತು ತಂಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು, ಬೇಡಕ್ಕಾ, ಸರಿ ಇದೆ ಅಂತ ಬರಕೋ, ಸರಿ ಇದ್ದರೆ ಒಳಗೆ ಹೋಗೋಕೇನೇ ಅಂದೆ, ಒಳಗಿನ ಹಿಡಿಕೆ ಕೆಟ್ಟಿದೆ ಅಕ್ಕಾ, ತಿಂಗಳಾಯ್ತು, ಮ್ಯಾನೇಜರಿಗೆ ಹೇಳಿದರೆ ಸೀಸನ್ ಮುಗೀಲಿ ಅಂದ, ದಿನಾ ಬೆಳಗ್ಗೆ ಪುಸ್ತಕದಲ್ಲಿ ಬಾಗಿಲು ಸರಿ ಇದೆ ಅಂತ ನನ್ನ ಕೈಲೇ ಸಹಿ ಹಾಕಿಸ್ತಾನೆ, ನೀನು ಕೆಟ್ಟಿದೆ ಅಂತ ಬರೆದರೆ ತಪ್ಪು ನನ್ನ ತಲೆಗೆ, ಕೆಲಸಾನೂ ಹೋಯ್ತು, ಅವರು ಕೊಟ್ಟಿರೋ ರೂಮೂ ಹೋಯ್ತು, ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗಲಿ — ಪಕ್ಕಕ್ಕೆ ಸರಿ ಅಂದೆ, ನನಗೇ ಕೆಲಸ ಹೇಳಿಕೊಡ್ತೀಯಾ ಅಂದೆ, ಎಂಟನೇ ಕ್ಲಾಸಿನವಳು ಅಂತಾನೂ ಅಂದುಬಿಟ್ಟೆ, ಅವಳು ಸರಿದಳು, ನಾನು ಒಳಗೆ ಹೋಗಿ ಬಾಗಿಲು ಎಳಕೊಂಡೆ.

ಹಿಡಿಕೆ ತಿರುಗುತ್ತೆ, ಬಾಗಿಲು ಬರಲ್ಲ, ಭುಜ ಕೊಟ್ಟು ತಳ್ಳಿದೆ, ಮೊಣಕಾಲು ಕೈಕೊಟ್ಟಿತು, ಬಿಸಿ ಆವಿ ಗಂಟಲಿಗೆ ಇಳೀತಿದೆ, ಹೊರಗಿನಿಂದ ಒಂದೇ ಎಳೆತಕ್ಕೆ ಬರೋ ಬಾಗಿಲು, ಅವಳಿಗೆ ಗೊತ್ತು, ಇದ್ದಾಳೆ, ಗಾಜಿನಾಚೆಗೇ ಇದ್ದಾಳೆ, ಮುಖ ಮಸುಕು, ಗಾಜಿಗೊತ್ತಿದ ಅಂಗೈ ಮಾತ್ರ ಕಾಣ್ತಿದೆ, ತೆಗಿಯೇ, ಕೆಟ್ಟಿದೆ ಅಂತ ಬರೀತೀಯಾ ಅಕ್ಕಾ, ತೆಗಿ ಮೊದಲು, ಬರೀತೀಯಾ, ಜೋರಾಗೂ ಕೇಳ್ತಿಲ್ಲ, ಊಟಕ್ಕೆ ಬರ್ತೀಯಾ ಅಂತ ಕೇಳೋ ದನಿ, ಇಲ್ಲ ಅಂದರೆ ಮುಗೀತು, ತೆಗೀತಾಳೆ, ಒಂದು ಸುಳ್ಳು ಹೇಳಿ ಹೊರಗೆ ಬಿದ್ದು ಆಮೇಲೆ ಬರೆದರಾಯ್ತು, ನನಗೇನು ಹೊಸದಾ, ಆದರೆ ನಾಳೆ ಇದರೊಳಗೆ ಯಾರದೋ ಮಗು ಸಿಕ್ಕಿಕೊಂಡರೆ, ಬರೆದರೆ ಇವಳ ಮಗು ಬೀದಿಗೆ, ನನ್ನಿಂದಲೇ ಇವಳ ಬದುಕು ಎರಡು ಸಲ ಹಾಳು, ಇಲ್ಲ ಅನ್ನೋಕೆ ನಾಲಿಗೆ ಏಳ್ತಿಲ್ಲ, ಹೌದು ಅನ್ನೋಕೆ ಉಸಿರಿಲ್ಲ, ಆ ಅಂಗೈ ಗಾಜು ತಟ್ಟೋದೂ ಇಲ್ಲ, ಹಿಡಿಕೆ ಕಡೆ ಸರಿಯೋದೂ ಇಲ್ಲ, ಐದೂ ಬೆರಳು ಅಗಲಿಸಿಕೊಂಡು, ಬೆಳ್ಳಗೆ, ನನ್ನ ಮುಖದ ಎದುರಿಗೇ, ಅವಳ ಅಂಗೈ, ಅಂಗೈ