ಹುಬ್ಬಳ್ಳಿಗೆ ಹೋಗಬೇಕಾಗಿದ್ದ ಕಾರು

ಬಿಳಿಯ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಎಂದು ಬರೆಸಿ, ಒಂದನ್ನು ಕಾರಿನ ಮುಂದಕ್ಕೂ ಒಂದನ್ನು ಹಿಂದಕ್ಕೂ ತಂತಿಯಿಂದ ಬಿಗಿದ ದಿನದಿಂದ ಅನ್ನಪೂರ್ಣೆಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಕಾರು ಅವಳ ತವರಿನದು. ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿಯ ಶೆಡ್ಡು ಇಟ್ಟಿದ್ದ ಅವಳಪ್ಪ, ಮಗಳು ಕಾಲೇಜಿನಲ್ಲಿದ್ದಾಗಲೇ ಅವಳಿಗೆ ಕಾರು ಕಲಿಸಿ ಲೈಸೆನ್ಸನ್ನೂ ಕೊಡಿಸಿದ್ದ. ಈಗ, ಅರವತ್ತೊಂದನೇ ಇಸವಿಯಲ್ಲಿ, ತನ್ನ ಹಳೆಯ ಆಸ್ಟಿನ್ ಕಾರನ್ನು ಶಿರಸಿಗೆ, ಅಳಿಯನ ಮನೆಗೆ ಕಳಿಸಿಕೊಟ್ಟಿದ್ದ.

ಅತ್ತೆ ನೀಲಗಂಗವ್ವ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಬೆರಳಿನಿಂದ ಧೂಳು ಒರೆಸಿ ನೋಡಿ, ತೀರ್ಪು ಕೊಟ್ಟುಬಿಟ್ಟಳು.

"ಮನಿ ಸೊಸಿ ಪ್ಯಾಟ್ಯಾಗ ಕಾರ್ ಹೊಡಿಯೂದು ಆಗಂಗಿಲ್ಲ. ನನ್ನ ಮಗ ಕಲೀಲಿ. ಮೂರು ತಿಂಗಳದಾಗ ಸರ್ಕಾರದವರು ಹ್ಞೂಂ ಅಂದ್ರ ಕಾರು ಇಲ್ಲಿರತೈತಿ. ಇಲ್ಲಾಂದ್ರ ಹುಬ್ಬಳ್ಳಿಗೆ ವಾಪಸ್. ಸುಮ್ನ ಬಾಗಲಾಗ ಕೂಡಸಾಕ ಅದೇನು ಬಸವಣ್ಣನ ಮೂರ್ತೀನ?"

ಅನ್ನಪೂರ್ಣೆಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಒಮ್ಮೆಯೂ ಸ್ಟೇರಿಂಗ್ ಹಿಡಿದಿರಲಿಲ್ಲ. ಹಿಡಿಯದಿದ್ದರೆ ಹೋಗಲಿ, ಕಾರು ಕಣ್ಣೆದುರಿಗಾದರೂ ಇರಲಿ, ಆ ಪೆಟ್ರೋಲಿನ ವಾಸನೆಯಾದರೂ ಮನೆಯ ಮುಂದೆ ಇರಲಿ ಎಂಬಷ್ಟೇ ಆಸೆ ಅವಳದು. ಆ ಆಸೆ ಈಗ ಪೂರ್ತಿ ಗಂಡನ ಕೈಯಲ್ಲಿತ್ತು.

ಗಂಡ ಮಧುಕೇಶ್ವರ ಮೆಣಸಿನ ವ್ಯಾಪಾರಿ, ಊರಿಗೆಲ್ಲ ಬೇಕಾದವನು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರೊಬ್ಬರು ಕೂತಿರಲೇಬೇಕೆಂದು ಕಾನೂನು. ಆ ಓಣಿಯಲ್ಲಿ ಲೈಸೆನ್ಸ್ ಇದ್ದದ್ದು ಅನ್ನಪೂರ್ಣೆಯೊಬ್ಬಳಿಗೇ. ಹೀಗಾಗಿ, ಕಾರು ಓಡಿಸಬಾರದ ಸೊಸೆ ದಿನಾ ಬೆಳಿಗ್ಗೆ ಸೆರಗು ಹೊದ್ದು ಎಡಗಡೆಯ ಸೀಟಿನಲ್ಲಿ ಕೂತು, ಗಂಡನಿಗೆ ಪಾಠ ಹೇಳತೊಡಗಿದಳು.

ಪಾಠ ಹೇಳುವುದೇನು ಸುಲಭವೇ? ಗಂಡನಿಗೆ 'ಒತ್ತು', 'ಬಿಡು' ಎಂದು ಅಪ್ಪಣೆ ಮಾಡುವಂತಿಲ್ಲ. ಅತ್ತೆ ಕಟ್ಟೆಯ ಮೇಲೆ ಕಿವಿ ತೆರೆದುಕೊಂಡೇ ಕೂತಿರುತ್ತಿದ್ದಳು. "ಏನ್ರೀ, ಒಂದೀಟು ಬ್ರೇಕ್ ಒತ್ತತೀರೇನ್ರಿ" ಎಂದು ಅವಳು ಮರ್ಯಾದೆಯಿಂದ ಮುಗಿಸುವುದರೊಳಗೆ ಎದುರಿನ ಕೋಳಿ ತನ್ನ ಜೀವ ತಾನೇ ಉಳಿಸಿಕೊಂಡಾಗಿರುತ್ತಿತ್ತು. ಅವಳ ಬಲಗೈ ಯಾವಾಗಲೂ ಹ್ಯಾಂಡ್‌ಬ್ರೇಕಿನ ಮೇಲೆಯೇ.

ಒಂದು ತಿಂಗಳಲ್ಲಿ ಮಧುಕೇಶ್ವರನ ಕಾಲುಗಳು ಕಲಿತವು. ಕಣ್ಣು ಕಲಿತಿತು. ಕಲಿಯದೆ ಉಳಿದದ್ದು ಕೈ. ಹಿರಿಯರು ಕಂಡರೆ ಎರಡೂ ಕೈ ಜೋಡಿಸಿ "ಶರಣ್ರಿ" ಎನ್ನುವುದು ಅವನಿಗೆ ಅವ್ವನ ಮಡಿಲಲ್ಲೇ ಆದ ಅಭ್ಯಾಸ. ಒಂದೇ ಕೈ ಎತ್ತಿದರೆ ನೊಣ ಓಡಿಸಿದಂತೆ ಎಂದು ನೀಲಗಂಗವ್ವ ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡಿದ್ದಳು. ಓಣಿಯಲ್ಲೋ, ಹೆಜ್ಜೆಗೊಬ್ಬ ಹಿರಿಯ.

ಎರಡನೇ ತಿಂಗಳ ಒಂದು ಸೋಮವಾರ, ಓಣಿಗೆಲ್ಲ ಗುರುವಾಗಿದ್ದ ಕಲ್ಲಯ್ಯಜ್ಜ ಎದುರಿಗೆ ಬಂದರು. ಮಧುಕೇಶ್ವರ ಕಾರನ್ನು ಅದರ ಪಾಡಿಗೆ ಬಿಟ್ಟು ಎರಡೂ ಕೈ ಜೋಡಿಸಿದ. ಅಜ್ಜ ಕೈಯೆತ್ತಿ ಹರಸಿದರು. ಹರಸಿಕೊಂಡ ಕಾರು ಸೀದಾ ಹೋಗಿ, ಹುಲ್ಲು ಮಾರಲು ಬಂದಿದ್ದ ಕೆರಿಯನ ಎತ್ತಿನ ಗಾಡಿಯೊಳಗೆ ಮೂತಿ ತೂರಿಸಿ ನಿಂತಿತು. ಹುಲ್ಲು ಗಾಜಿನ ಮೇಲೆಲ್ಲ ಜರಿದು ಒಳಗೆ ಕತ್ತಲಾಯಿತು.

"ಎಂತಾ ಮಾರಾಯ್ರೆ ಇದು!" ಹೊರಗಿನಿಂದ ಕೆರಿಯನ ದನಿ. "ನನ್ನ ಎತ್ತಿಗೆ ಮೂಗುದಾರ ಉಂಟು. ನಿಮ್ಮದಕ್ಕೆ ಎಂತದೂ ಇಲ್ವಾ?"

"ಹಾರ್ನ್ ಐತಿ" ಎಂದ ಮಧುಕೇಶ್ವರ, ಬಾಯಿಗೆ ಬಂದ ಹುಲ್ಲು ಉಗುಳುತ್ತ.

"ಹಾಗಾರೆ ಅದನ್ನ ಹೊಡೀಬೇಕಿತ್ತಪ್ಪ."

"ಅಜ್ಜಾರ ಮುಂದ ಹಾರ್ನ್ ಹೊಡಿಯೂದ?"

ಅನ್ನಪೂರ್ಣೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ ಮೇಲೆ ಹೆದರಿಕೆ ಶುರುವಾಯಿತು. ಪರೀಕ್ಷೆಗೆ ಕಾರವಾರದಿಂದ ಇನ್ಸ್‌ಪೆಕ್ಟರು ಬರುವುದು ತಿಂಗಳಿಗೊಂದು ಗುರುವಾರ. ಮಧುಕೇಶ್ವರನ ಮೂರು ತಿಂಗಳು ಮುಗಿಯುವುದರೊಳಗೆ ಉಳಿದಿದ್ದು ಅಂಥ ಒಂದೇ ಗುರುವಾರ.

ಅವಳು ಬಹಳ ಯೋಚಿಸಿದಳು. ಗಂಡನ ಕೈ ಬದಲಾಗುವಂತಿರಲಿಲ್ಲ. ಓಣಿಯನ್ನೇ ಬದಲಾಯಿಸಬೇಕು. ಪರೀಕ್ಷೆಯ ಹಿಂದಿನ ದಿನ, ಬುಧವಾರ ಸಂಜೆ, ಅರಿಶಿನ ಕುಂಕುಮದ ನೆವ ಮಾಡಿ ಮನೆಮನೆಗೆ ಹೋದಳು. "ನಾಳೆ ಹತ್ತರಿಂದ ಹನ್ನೊಂದರ ತನಕ ಹಿರ್ಯಾರು ಯಾರೂ ಹೊರಗ ಬರಬಾರದ್ರಿ. ನೀವು ಕಂಡ್ರ ಅವರು ಕೈ ಮುಗೀತಾರು, ಕೈ ಮುಗದ್ರ ಕಾರು ಹೋತು" ಎಂದು, ಒಂದೊಂದು ಮಾತನ್ನೂ ಅಳೆದು, ಯಾರ ಮನಸ್ಸೂ ನೋಯದಂತೆ ಬೇಡಿಕೊಂಡಳು. ಕಲ್ಲಯ್ಯಜ್ಜರಂತೂ, "ಒಂದ್ ತಾಸಲ್ಲವಾ, ಇಡೀ ದಿನಾನ ಅಡಗಿ ಕೂಡತೀನಿ" ಎಂದು ಹುರುಪಿನಿಂದ ಒಪ್ಪಿಕೊಂಡರು.

ಗುರುವಾರ ಹತ್ತು ಗಂಟೆಗೆ ಓಣಿ ಗುಡಿಸಿಟ್ಟಂತಿತ್ತು. ಅನ್ನಪೂರ್ಣೆ ಅತ್ತೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ನಿಂತು, ಸೆರಗಿನ ತುದಿಯನ್ನು ಹಿಂಡುತ್ತ ನೋಡುತ್ತಿದ್ದಳು. ಇನ್ಸ್‌ಪೆಕ್ಟರು ಮಧುಕೇಶ್ವರನ ಪಕ್ಕದಲ್ಲಿ ಕೂತು ಫೈಲು ತೊಡೆಯ ಮೇಲಿಟ್ಟುಕೊಂಡರು. ಅವರು ರಾಣೆಬೆನ್ನೂರ ಕಡೆಯವರಂತೆ; ಹಣೆಯ ಮೇಲೆ ವಿಭೂತಿಯಿತ್ತು. ಸುತ್ತಲೂ ಕಣ್ಣಾಡಿಸಿ, "ಏನ್ರಿ, ಊರಿಗೆ ಪ್ಲೇಗ್ ಬಂದೈತೇನು?" ಎಂದರು.

"ಇಲ್ರಿ ಸಾಹೇಬ್ರ. ಎಲ್ಲಾರೂ ಒಳಗ ಕೆಲಸದಾಗ ಅದಾರ್ರಿ."

ಕೆಲಸವೆಂದರೆ ಇಣುಕುವುದು. ಒಂದೊಂದು ಕಿಟಕಿಯಲ್ಲೂ ನಾಲ್ಕು ಜೊತೆ ಕಣ್ಣು. ಕಾರು ಹೊರಟಿತು. ಬಲಕ್ಕೆ ತಿರುಗುವಾಗ ಬಲಗೈ ಹೊರಗೆ ಚಾಚಿತು, ನಿಧಾನಿಸುವಾಗ ಅದೇ ಕೈ ಮೇಲೆ ಕೆಳಗೆ ಆಡಿತು. ಏರಿನಲ್ಲಿ ನಿಂತು ಮತ್ತೆ ಹೊರಟಾಗ ಒಂದು ಗೇಣೂ ಹಿಂದೆ ಜಾರಲಿಲ್ಲ. ಹಿಂದಕ್ಕೆ ಬಾ ಎಂದರೆ ಬಂತು. ಅನ್ನಪೂರ್ಣೆ ಉಸಿರು ಬಿಟ್ಟಳು. ಇನ್ನು ಮನೆಯ ಮುಂದೆ ತಂದು ನಿಲ್ಲಿಸುವುದಷ್ಟೇ, ಇಪ್ಪತ್ತು ಮಾರು.

ಅಷ್ಟರಲ್ಲಿ ಕಲ್ಲಯ್ಯಜ್ಜರಿಗೆ ಖುಷಿ ತಡೆಯಲಾಗಲಿಲ್ಲ. "ಭೇಷ್ ಮಧುಕೇಶಾ, ಗೆದ್ದಿ!" ಎಂದು ಕೂಗುತ್ತ ಬಾಗಿಲು ತೆರೆದು ರಸ್ತೆಗೇ ಬಂದರು. ಅವರ ಹಿಂದೆ ಎಲ್ಲ ಬಾಗಿಲುಗಳೂ ತೆರೆದವು. ಒಂದು ತಾಸು ಬಚ್ಚಿಟ್ಟುಕೊಂಡಿದ್ದ ಹಿರಿಯರೆಲ್ಲ ಒಟ್ಟಿಗೇ ಹೊರಬಂದರು.

ಮಧುಕೇಶ್ವರನ ಎರಡೂ ಕೈ ಎದೆಯ ಮುಂದೆ ಜೋಡಿಕೊಂಡವು.

"ಹ್ಯಾಂಡ್‌ಬ್ರೇಕ್ ಎಳೀರಿ ಸಾಹೇಬ್ರ!" ಅನ್ನಪೂರ್ಣೆ ಮರ್ಯಾದೆ ಮರೆತು ಕಿರುಚಿದಳು. ಎಳೆಯುವುದಾದರೂ ಹೇಗೆ? ವಿಭೂತಿ ಧರಿಸಿದ ಅಜ್ಜರನ್ನು ಕಂಡಿದ್ದೇ ತಡ, ಸಾಹೇಬರ ಎರಡೂ ಕೈಯೂ ಜೋಡಿಕೊಂಡಿದ್ದವು. ಮುಂದಿನ ಸೀಟಿನಲ್ಲಿ ನಾಲ್ಕು ಕೈ. ನಾಲ್ಕೂ ಶರಣು ಹೇಳುತ್ತಿದ್ದವು. ಕಾರು ಗಂಭೀರವಾಗಿ ಗಟಾರಿನತ್ತ ನಡೆದು, ಮುಂದಿನ ಗಾಲಿಯೊಂದನ್ನು ಅದರೊಳಗಿಟ್ಟು, ಕೆಮ್ಮಿ ಸುಮ್ಮನಾಯಿತು. ಫೈಲಿನ ಕಾಗದಗಳು ಓಣಿಯ ತುಂಬ ಹಾರಿದವು. ಯಾರಿಗೂ ಒಂದು ಗೀರೂ ತಾಗಲಿಲ್ಲ.

ಇನ್ಸ್‌ಪೆಕ್ಟರು ಇಳಿದು, ಪ್ಯಾಂಟು ಕೊಡವಿ, "ಆಗಂಗಿಲ್ರಿ" ಎಂದರು.

"ನೀವೂ ಮುಗದ್ರಲ್ರಿ ಕೈ!" ಎಂದು ಕಟ್ಟೆಯಿಂದಲೇ ನೀಲಗಂಗವ್ವ ಗುಡುಗಿದಳು.

"ನಾ ಮುಗೀಬೌದವ್ವಾ. ನಾ ಓಡಸತಿದ್ದಿಲ್ಲ." ಕಾಗದ ಆರಿಸಿಕೊಳ್ಳುತ್ತ ಮಧುಕೇಶ್ವರನತ್ತ ತಿರುಗಿದರು. "ನಿಮಗ ಇನ್ನೆರಡು ಕೈ ಬಂದಾಗ ಹೇಳಿ ಕಳಸ್ರಿ, ಬರತೀನಿ."

ಓಣಿ ಬಿದ್ದು ಬಿದ್ದು ನಗುತ್ತಲೇ ಕಾರನ್ನು ಗಟಾರಿನಿಂದ ಎತ್ತಿತು. ಮಧುಕೇಶ್ವರನೂ ನಕ್ಕ. ಅನ್ನಪೂರ್ಣೆಗೆ ಮಾತ್ರ ನಗು ಬರಲಿಲ್ಲ. ನೀಲಗಂಗವ್ವ ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ಶಿರಸಿಯಲ್ಲಿ ಯಾರೂ ಕಂಡಿರಲಿಲ್ಲ.

"ನಾಳೆ ಹುಬ್ಬಳ್ಳಿಗೆ ಕಳಸೂದ" ಎಂದಳು ನೀಲಗಂಗವ್ವ, ಊಟಕ್ಕೆ ಕೂತಾಗ. "ಯಾರ್ ಒಯ್ಯಾವ್ರು?"

ಅನ್ನಪೂರ್ಣೆ ಎದ್ದು ಹೋಗಿ, ಟ್ರಂಕಿನಿಂದ ತನ್ನ ಲೈಸೆನ್ಸು ತಂದು ಅತ್ತೆಯ ಮುಂದಿಟ್ಟಳು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ವಾಪಸ್ ಕೊಡಾಕಂದ್ರ ಒಂದ್ ಸಲ ಹೊಡಿ, ಅಡ್ಡಿಯಿಲ್ಲ. ನಾನೂ ಬರತೀನಿ. ನಿಮ್ಮಪ್ಪಗ ಎರಡು ಮಾತು ಹೇಳೂದೈತಿ."

ಮರುದಿನ ಪೂಜೆ ಮುಗಿಸಿ ಹೊರಟರು. ನೀಲಗಂಗವ್ವ ಮುಂದೆ, ಮಧುಕೇಶ್ವರ ಹಿಂದೆ. ಪೇಟೆ ದಾಟುವತನಕ ಅತ್ತೆ ಕಣ್ಣು ಮುಚ್ಚಿ ಬಾಗಿಲಿನ ಹಿಡಿ ಹಿಡಿದಿದ್ದಳು. ಅನ್ನಪೂರ್ಣೆ ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿದ್ದಳು. ಯಲ್ಲಾಪುರದ ರಸ್ತೆ ಹಿಡಿದ ಮೇಲೆ ಅತ್ತೆ ಒಂದು ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಗಾಳಿಗೆ ಸೆರಗು ಹಾರಿತು, ಹಿಡಿದುಕೊಳ್ಳಲಿಲ್ಲ.

"ಇದು ಇಷ್ಟ ಓಡತೈತೇನ?"

"ಇನ್ನೂ ಓಡತೈತ್ರಿ ಅತ್ತಿ. ನೀವು ಹೆದರತೀರಂತ..."

"ಯಾರ್ ಹೆದರ್ಯಾರ? ಮುಂದಿನ ಲಾರಿ ಧೂಳ ಎಷ್ಟೊತ್ತು ಕುಡಿಯೂದು? ದಾಟಸು ಅದನ್ನ!"

ದಾಟಿಸಿದಳು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಲಾರಿಯವನನ್ನು ನೋಡಿ ನಕ್ಕಳು. ಮೂವತ್ತು ವರ್ಷದಿಂದ ಆ ಮುಖದಲ್ಲಿ ಅಂಥ ನಗು ನೋಡಿಲ್ಲವೆಂದು ಹಿಂದಿನ ಸೀಟಿನಿಂದ ಮಗ ಹೇಳಿದ. ಅವನಿಗೆ ವಯಸ್ಸೇ ಮೂವತ್ತು.

ಯಲ್ಲಾಪುರ ಬಂದಾಗ, "ಇಷ್ಟು ದೂರ ಬಂದು ಚಂದಗುಳಿ ಗಣಪ್ಪನ ನೋಡದ ಹೋಗೂದ?" ಎಂದಳು. ಅಲ್ಲಿ ಸಾಲುಸಾಲು ಗಂಟೆಗಳನ್ನು ಒಂದೂ ಬಿಡದೆ ಬಾರಿಸಿ ಹೊರಬರುವಾಗ ಹೊತ್ತು ಇಳಿದಿತ್ತು. "ಇನ್ನ ಹುಬ್ಬಳ್ಳಿ ಮುಟ್ಟೂದ್ರಾಗ ಕತ್ತಲಾಗತೈತಿ. ನಡಿ ಮನಿಗೆ. ಮತ್ತೊಂದಿನ ಹೋದ್ರಾತು."

ಮತ್ತೊಂದು ದಿನ ಹುಬ್ಬಳ್ಳಿಗೆಂದು ಹೊರಟು ಹುಲಗೋಳಕ್ಕೆ ಹೋದರು. ಅಲ್ಲಿ ಮಧುಕೇಶ್ವರನಿಗೆ ಮೆಣಸು ಮಾರುವ ರೈತನೊಬ್ಬನಿಗೆ ಹುಷಾರಿರಲಿಲ್ಲವಂತೆ. ಅದರ ಮುಂದಿನ ವಾರ ಬುತ್ತಿ ಕಟ್ಟಿಕೊಂಡು, ಮತ್ತೆ ಹುಬ್ಬಳ್ಳಿಗೆಂದೇ ಹೊರಟರು. ಪೇಟೆ ದಾಟುತ್ತಲೇ ಅತ್ತೆ ಸಿದ್ದಾಪುರದ ರಸ್ತೆಯತ್ತ ಬೆರಳು ತೋರಿಸಿದಳು. ಹೆಗ್ಗರಣೆಯ ಹತ್ತಿರ ಹೊಳೆ ದೊಡ್ಡ ಅಬ್ಬಿಯಾಗಿ ಧುಮುಕುತ್ತದೆಂದು ಯಾರೋ ಹೇಳಿದ್ದರಂತೆ.

ಅನ್ನಪೂರ್ಣೆ ಕಾರು ನಿಲ್ಲಿಸಿ, ಮಾತನ್ನು ಎರಡು ಸಲ ಮನಸ್ಸಿನಲ್ಲೇ ತೂಗಿ ನೋಡಿ, ಮೆಲ್ಲಗೆ ಕೇಳಿದಳು:

"ಅತ್ತಿ, ಹುಬ್ಬಳ್ಳಿ ಈ ಕಡೆ ಅಲ್ರಿ..."

"ನನಗ ಗೊತ್ತಿಲ್ಲೇನ?" ಎಂದಳು ನೀಲಗಂಗವ್ವ, ಬುತ್ತಿಯ ಗಂಟನ್ನು ಭದ್ರವಾಗಿ ತೊಡೆಯ ಮೇಲಿಟ್ಟುಕೊಳ್ಳುತ್ತ. "ನೀ ಗೇರ್ ಹಾಕು."