ಮುದ್ದಕ್ಕನ ಹಲ್ಲು

"ಲೇ ಓಬಯ್ಯ, ಏನಾತಲೇ? ಯಾಕ್ ಸುಮ್ಕಾದೆ?" ದೊಡ್ಡಪಾಲಯ್ಯ ಹಗೇವಿನ ಬಾಯಿಗೆ ಬಗ್ಗಿ ಕೂಗಿದ. ಒಳಗಿನಿಂದ ವಾಸನೆ ಬಂತು.

ಹಿಂದಿನ ದಿನವೇ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಬೆಳಿಗ್ಗೆ ದೀಪ ಇಳಿಸಿ, ಅದು ಆರಲಿಲ್ಲವೆಂದ ಮೇಲೆಯೇ ಓಬಯ್ಯನಿಗೆ ಹಗ್ಗ ಕಟ್ಟಿ ನೆಲದೊಳಗಿನ ಆ ಕಾಳಿನ ಗುಂಡಿಗೆ ಇಳಿಸಿದ್ದರು. ಮೇಲಿನ ರಾಗಿ ಕೆಂಪಗೆ, ನಿನ್ನೆ ತೂರಿದಂತೆ ಬಂದಿತ್ತು. ಮಕ್ಕರಿ ಮೇಲೆ ಮಕ್ಕರಿ ಬರುತ್ತಿದ್ದಂತೆ ಹೆಂಗಸರ ಮುಖದಲ್ಲಿ ಕಳೆ ಏರಿತ್ತು. ಏರದೆ ಏನು? ಆ ವರ್ಷ ಮಳೆ ಮುಖ ತೋರಿಸಿರಲಿಲ್ಲ. ಹಟ್ಟಿಯ ಮನೆಮನೆಯ ಕಾಳಿನ ವಾಡೆಯೊಳಗೂ ಜಿರಲೆ ಓಡಾಡುತ್ತಿತ್ತು. ಚಳ್ಳಕೆರೆ ಸಂತೆಯಲ್ಲಿ ಕಾಳನ್ನು ಮುಟ್ಟುವಂತಿರಲಿಲ್ಲ. ಪ್ಲೇಗು ಮುಗಿದ ಮರುವರ್ಷ ಎಲ್ಲರೂ ಕೂಡಿ ತುಂಬಿಸಿದ ಈ ಹಗೇವೊಂದೇ ಧೈರ್ಯ.

ಹಗ್ಗ ಅಲ್ಲಾಡಿತು. ಮೇಲೆ ಬಂದ ಮಕ್ಕರಿಯಲ್ಲಿ ರಾಗಿ ಇರಲಿಲ್ಲ. ಕರ್ರಗೆ ಹೆಂಟೆ ಕಟ್ಟಿದ್ದೊಂದು ಇತ್ತು.

"ನಡುವಿಂದು ಕೆಟ್ಟೈತೆ ಗೌಡ," ಓಬಯ್ಯನ ದನಿ ಬಾವಿಯೊಳಗಿನಿಂದ ಬಂದಂತೆ ಬಂತು. "ಬಾಳ ಕೆಟ್ಟೈತೆ."

ಬೇವಿನ ಮರದಡಿ ಕೂತಿದ್ದ ಮುದ್ದಕ್ಕ ಮಕ್ಕರಿಯೊಳಗಿನ ಹೆಂಟೆಯನ್ನೇ ನೋಡಿದಳು. ನಡುವಿಂದು ಎಂದ ಕೂಡಲೇ ಅವಳಿಗೆ ಅದು ಯಾರ ಮನೆಯದೆಂದು ಗೊತ್ತಾಗಿ ಹೋಗಿತ್ತು.

ಮುದ್ದಕ್ಕ ಎಂದರೆ ಆ ಹಟ್ಟಿಗೆ ಹಲ್ಲು. ಹಗೇವು ತುಂಬುವ ದಿನ ಒಂದೊಂದು ಮನೆಯ ರಾಗಿಯನ್ನೂ ಅವಳು ಚಿಟಿಕೆ ಬಾಯಿಗೆ ಹಾಕಿಕೊಂಡು ಕಡಿಯಬೇಕು. ಕಟ್ ಎಂದರೆ ಒಣಗಿದೆ, ಸುರಿಯಬಹುದು. ಮೆತ್ತಗೆ ನಲುಗಿದರೆ ಹೊತ್ತು ತಂದವರು ಹೊತ್ತುಕೊಂಡೇ ಹೋಗಬೇಕು, ಇನ್ನಷ್ಟು ಬಿಸಿಲು ಕಾಣಿಸಬೇಕು. ಒಂದು ಮನೆಯ ಹಸಿ ರಾಗಿ ಒಳಗೆ ಬೆವೆತರೆ ಸಾಕು, ಊರಿನದನ್ನೂ ಕಾಯಿಸಿ ಕೆಡಿಸುತ್ತದೆ. ತೆಗೆಯುವ ದಿನವೂ ಅಷ್ಟೆ: ಹಂಚುವ ಮೊದಲು ಅವಳು ಕಡಿದು "ಆತು" ಅನ್ನಬೇಕು. ಅತ್ತೆಯಿಂದ ಬಂದ ಕೆಲಸ. ಗೌಡ ದೊಡ್ಡಪಾಲಯ್ಯನ ರಾಗಿಯನ್ನೇ ಒಂದು ಸಲ ವಾಪಸು ಕಳಿಸಿದ್ದ ಗಟ್ಟಿಗಿತ್ತಿ ಅವಳು. ಹಗೇವಿಗೆ ಬೀಗ ಯಾಕೆ, ಮುದ್ದಕ್ಕನ ಹಲ್ಲಿಲ್ಲವಾ ಎಂದು ಜನ ಹೇಳುತ್ತಿದ್ದರು. ಹೇಳುವಾಗ ಅವಳೂ ಕೇಳಿಸಿಕೊಂಡು ಹಿಗ್ಗುತ್ತಿದ್ದಳು, ಸುಳ್ಳು ಯಾಕೆ.

ಈ ಹಗೇವು ತುಂಬುವ ಹೊತ್ತಿಗೆ ಅಕಾಲದ ಮಳೆ ಬಂದು ಕೆಲವರ ಕಣ ನೆನೆದಿತ್ತು. ಅರ್ಧ ತುಂಬಿದ ಮೇಲೆ ಬೀಗಿತಿ ಉಚ್ಚಂಗೆಮ್ಮನ ಚೀಲ ಬಂದಾಗ ಮುದ್ದಕ್ಕ ಎಲ್ಲರಂತೆ ಅದನ್ನೂ ಕಡಿದಳು. ರಾಗಿ ನಲುಗಿತು. ತಲೆ ಎತ್ತಿ ನೋಡಿದರೆ ಉಚ್ಚಂಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಏನ್ ಬೀಗಿತಿ, ನಮ್ಮನೆ ರಾಗೀನೂ ಕಡೀಬೇಕೇನು? ನಿಮ್ಮ ಮಗಳು ಉಣ್ಣೋದೂ ಇದ್ನೇ ಅಲ್ವಾ?"

ಅವಳ ಬೆನ್ನ ಹಿಂದೆ ಮುದ್ದಕ್ಕನ ಮಗಳು ಲಕ್ಷ್ಮಕ್ಕ, ತುಂಬಿದ ಬಸುರಿ, ಅವ್ವನನ್ನು ನೋಡಿ ಒಂದೇ ಒಂದು ಸಲ ತಲೆ ಅಲ್ಲಾಡಿಸಿದಳು. ಬೇಡ ಅವ್ವ ಎಂಬಂತೆ. ಹೆಣ್ಣು ಕೊಟ್ಟವರು ಬೀಗರ ಚೀಲವನ್ನು ಊರ ಮುಂದೆ ಹಿಂದಕ್ಕೆ ಕಳಿಸಿದರೆ ಆಮೇಲೆ ಆ ಮನೆಯಲ್ಲಿ ಮಗಳು ಬಾಳುವುದು ಹೇಗೆ?

"ಆತು, ಸುರೀರಿ," ಎಂದಿದ್ದಳು ಮುದ್ದಕ್ಕ. ಇಷ್ಟು ಒಣರಾಗಿಯ ನಡುವೆ ಒಂದು ಮನೆಯದು ತಾನೆ, ತೇವ ಎಳೆದುಕೊಳ್ಳುತ್ತದೆ ಬಿಡು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಎಳೆದುಕೊಳ್ಳುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಈಗ ಓಬಯ್ಯನನ್ನು ಮೇಲಕ್ಕೆ ಎಳೆದುಕೊಂಡರು. ಮೈಯೆಲ್ಲ ಕಪ್ಪು ಧೂಳು. ಹಗೇವಿನ ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುವವನು ಅವನೇ, ಅವನ ಅಪ್ಪನ ಕಾಲದಿಂದಲೂ.

"ನೀರು ಇಳಿದೈತೆ," ಎಂದ ದೊಡ್ಡಪಾಲಯ್ಯ. "ಬಾಯಿ ಸರಿಯಾಗಿ ಕಟ್ಟಿಲ್ಲ ನೀನು."

"ನಮ್ಮಪ್ಪನಾಣೆ ಗೌಡ, ಸಗಣಿ ಮಣ್ಣು ಕಲಸಿ ಎರಡು ಸುತ್ತು ಮೆತ್ತೀನಿ. ನೀರು ಇಳಿದಿದ್ರೆ ಮ್ಯಾಗಳದು ಕೆಡಬೇಕಿತ್ತಲ್ವಾ?"

"ಗ್ವಾಡೆ ಗುಂಟ ಇಳಿದೈತೆ. ಇನ್ನೇನು, ಮುದ್ದಕ್ಕನ ಹಲ್ಲು ತಪ್ಪೈತೆ ಅಂತೀಯಾ?"

ಜನ ನಕ್ಕರು. ಓಬಯ್ಯ ನಾಲಿಗೆ ಕಚ್ಚಿಕೊಂಡು, "ಬಿಡ್ತು ಅನ್ನಿ, ಅಕ್ಕನ್ನ ನಾನ್ಯಾಕಂತೀನಿ," ಎಂದ.

ಕೆಡಿಸಿದವನು ಕೆಟ್ಟಿದ್ದನ್ನೇ ಉಣ್ಣಬೇಕು, ಅದು ಹಟ್ಟಿಯ ಕಟ್ಟಳೆ. ಓಬಯ್ಯನ ಪಾಲು ಕರೀ ರಾಶಿಯಿಂದ ಎಂದು ತೀರ್ಮಾನವಾಯಿತು. ಅವನ ಹೆಂಡತಿ ಕಾಟಮ್ಮ ಅಳಲಿಲ್ಲ, ಜಗಳ ಆಡಲಿಲ್ಲ. ಮೊರ ತೆಗೆದುಕೊಂಡು ಹೋಗಿ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಂಟೆ ಒಡೆದು ಒಳಗೇನಾದರೂ ಉಳಿದಿದೆಯಾ ಎಂದು ಹುಡುಕತೊಡಗಿದಳು.

ಮುದ್ದಕ್ಕನಿಗೆ ಅದನ್ನು ನೋಡಲಾಗಲಿಲ್ಲ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಓಬಯ್ಯಂದಲ್ಲ ತಪ್ಪು," ಎಂದಳು. "ನಂದು. ನನ್ನ ಹಲ್ಲಿಂದು."

ಹೆಂಗಸರ ನಡುವಿನಿಂದ ರಂಗಕ್ಕ, ಎಲೆಅಡಿಕೆ ಉಗಿದು, "ಅಯ್ಯೋ ನಿನ್ನ! ಯಾರ್ದೋ ತಪ್ಪು ಮೈಮ್ಯಾಲೆ ಎಳ್ಕೊಂತೀಯಲ್ಲೇ, ಎಂಥಾ ಕರುಳೇ ನಿಂದು!" ಎಂದಳು. ಹೌದು ಹೌದು ಎಂದರು ಉಳಿದವರು. ದೊಡ್ಡಪಾಲಯ್ಯನಂತೂ, "ಇಂಥೋರು ಒಬ್ರಿರೋದ್ಕೇ ಹಟ್ಟಿ ನಿಂತೈತೆ," ಎಂದು ಕೈ ಮುಗಿದೇಬಿಟ್ಟ. ಬೈದಿದ್ದರೆ ಅವಳಿಗೆ ಎಷ್ಟೋ ನಿರಾಳವಾಗುತ್ತಿತ್ತು.

ಹೆಂಗಸರ ಸಾಲಿನಲ್ಲಿ ಉಚ್ಚಂಗೆಮ್ಮ ನಿಂತಿದ್ದಳು. ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಲಕ್ಷ್ಮಕ್ಕ, ಕಂಕುಳಲ್ಲಿ ಕೂಸು. ಮಾತು ಮುದ್ದಕ್ಕನ ಬಾಯಲ್ಲಿ ಬಿಸಿತುಪ್ಪವಾಗಿ ನಿಂತಿತು, ಉಗುಳಲೂ ಆಗದು, ನುಂಗಲೂ ಆಗದು. ಇಲ್ಲಿಗೇ ಬಿಟ್ಟರೆ ಎಲ್ಲ ಸುಸೂತ್ರ. ಹೇಳಿದ್ದಂತೂ ಹೇಳಿ ಆಯಿತಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದೂ ಒಂದು ಮನಸ್ಸು ಹೇಳಿತು. ಅದು ತನ್ನದೇ ಮನಸ್ಸೆಂದು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಆಗ ಓಬಯ್ಯ ಎದ್ದು ಬಂದ. ಕಪ್ಪು ಮೆತ್ತಿದ ಕೈಯಲ್ಲೇ ಅವಳ ಪಾದ ಮುಟ್ಟಿದ.

"ನೀನೊಬ್ಳಾದ್ರೂ ನನ್ನ ಪರ ಒಂದು ಮಾತಾಡಿದೆಯಲ್ಲಕ್ಕ. ಅಷ್ಟು ಸಾಕು. ಕರೀ ರಾಗೀನೇ ಉಣ್ತೀವಿ ಬಿಡು."

ಮುದ್ದಕ್ಕ ಪಾದ ಹಿಂದಕ್ಕೆ ಎಳೆದುಕೊಂಡಳು.

"ಉಚ್ಚಂಗೆಮ್ಮನ ಮನೆ ರಾಗಿ ಹಸಿ ಇತ್ತು," ಎಂದಳು, ಎಲ್ಲರಿಗೂ ಕೇಳುವಂತೆ. "ಕಟ್ ಅನ್ಲಿಲ್ಲ. ನನಗೆ ಗೊತ್ತಾತು. ಗೊತ್ತಾಗೇ ಸುರೀರಿ ಅಂದೆ. ಮಗಳ ಮಖ ನೋಡಿದೆ, ಊರ ಮಖ ನೋಡ್ಲಿಲ್ಲ. ಓಬಯ್ಯ ಕಟ್ಟಿದ ಬಾಯಿ ಸರಿಯಾಗೇ ಐತೆ."

ಈ ಸಲ ಯಾರೂ ಹೌದು ಹೌದು ಎನ್ನಲಿಲ್ಲ. ಉಚ್ಚಂಗೆಮ್ಮನೂ ಅಲ್ಲ ಎನ್ನಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಕರೀ ರಾಶಿಯ ಕಡೆ ನಡೆದಳು. ಅತ್ತೆಯ ಹಿಂದೆ ಲಕ್ಷ್ಮಕ್ಕನೂ ಹೋದಳು. ಅವ್ವನ ಎದುರಿನಿಂದಲೇ ಹಾದು ಹೋದರೂ ಅವಳು ಕಣ್ಣೆತ್ತಲಿಲ್ಲ. ಕೂಸು ಮಾತ್ರ ಅಜ್ಜಿಯ ಕಡೆ ಕೈ ಚಾಚಿತು. ಲಕ್ಷ್ಮಕ್ಕ ಆ ಕೈಯನ್ನು ಮೆಲ್ಲಗೆ ಮಡಿಸಿ ಸೆರಗಿನೊಳಗೆ ಹಾಕಿಕೊಂಡಳು.

ಬಿಸಿಲು ಏರುತ್ತಿತ್ತು, ಹಂಚುವುದು ಹಾಗೆಯೇ ಉಳಿದಿತ್ತು. ದೊಡ್ಡಪಾಲಯ್ಯ ಅಭ್ಯಾಸಬಲದಿಂದ ಕೆಂಪು ರಾಶಿಯಿಂದ ಒಂದು ಚಿಟಿಕೆ ತೆಗೆದು ಮುದ್ದಕ್ಕನ ಕಡೆ ತಿರುಗಿದ. ಕೈ ಅರ್ಧದಲ್ಲೇ ನಿಂತಿತು. ಅತ್ತ ಇತ್ತ ನೋಡಿದ.

"ಕಾಟಮ್ಮ, ಬಾರಮ್ಮ ಇಲ್ಲಿ."

ಕಾಟಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು. ಕೈ ಒರೆಸಿಕೊಂಡು, ಗಂಡನ ಮುಖ ಒಮ್ಮೆ ನೋಡಿ, ರಾಗಿಯನ್ನು ಬಾಯಿಗೆ ಹಾಕಿಕೊಂಡಳು.

ಕಟ್ ಎಂದಿತು.

"ಆತು," ಎಂದಳು ಕಾಟಮ್ಮ, ಅಳುಕುತ್ತ.

ಬೇವಿನ ಮರದಡಿ ಮುದ್ದಕ್ಕನ ದವಡೆಯೂ ತಾನಾಗಿ ಅಲ್ಲಾಡಿತ್ತು. ಅವಳ ಬಾಯಲ್ಲಿ ಏನೂ ಇರಲಿಲ್ಲ.